ರಾಗಿಬೇರು, ಎದುರು ಶುಕ್ರ

ನಮ್ಮ ಯಜಮಾನರು ಪಂಚಾಂಗ ನಂಬಿದವರಲ್ಲ. ಬೇಕೆಂದೇ ರಾಹುಕಾಲ ನೋಡಿ ಮನೆಯಿಂದ ಹೊರಡುತ್ತಿದ್ದರು. ಅಮಾವಾಸ್ಯೆಯ ದಿನ ಕ್ಷೌರ ಮಾಡಿಸಿಕೊಂಡು ಬಂದು, ನನ್ನ ಮುಂದೆ ತಲೆ ಸವರಿಕೊಂಡು ನಿಂತು, "ನನ್ ತಲೆ ಕಾಯೋದ್ ಬುಟ್ಟು ಗ್ರಹಕ್ಕೆ ಬ್ಯಾರೆ ಕೆಲ್ಸ ಇಲ್ವೇನೇ?" ಎಂದು ನಗುತ್ತಿದ್ದರು. ಅಂಥವರು ಒಂದು ದಿನ ನಮ್ಮಣ್ಣನ ಎದುರು ಕೂತು, ಮುಖ ಗಂಭೀರ ಮಾಡಿಕೊಂಡು, "ಶುಕ್ರ ಎದುರಾಗವ್ನೆ ಭಾವ. ತುಂಬ್ದ ಬಸ್ರೀನ ಮೂಡಲ ದಿಕ್ಕಿಗೆ ಹೆಂಗ್ ಕಳಿಸ್ಲಿ?" ಎಂದರು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ನನ್ನ ಕೈ ಹಾಗೇ ನಿಂತಿತು.

ಅಣ್ಣ ಕೃಷ್ಣರಾಜನಗರದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ. ಗಾಡಿಯ ತುಂಬ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ಅವ್ವ ಹಳೇ ಸೀರೆಯಲ್ಲಿ ಹೊಲಿದು ಕಳಿಸಿದ್ದ ದಪ್ಪ ಹತ್ತಿ ದಿಂಬು ಇಟ್ಟಿದ್ದ. ದಾರಿಯ ಕುಲುಕಾಟ ನನ್ನ ಸೊಂಟಕ್ಕೆ ತಾಗಬಾರದೆಂದು ಆ ದಿಂಬು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎಲ್ಲರ ಮನೆಯ ಪದ್ಧತಿ. ನಮ್ಮವ್ವನಿಗೆ ಮಾತ್ರ ಅದು ಪದ್ಧತಿಯಾಗಿರಲಿಲ್ಲ, ಹೆದರಿಕೆಯಾಗಿತ್ತು. ನಮ್ಮಕ್ಕ ಗಂಡನ ಮನೆಯಲ್ಲೇ ಹೆರಲು ಹೋಗಿ, ಮಗುವನ್ನೂ ಜೊತೆಗೆ ಕರೆದುಕೊಂಡು ಹೊರಟುಹೋಗಿದ್ದಳು. ಸುದ್ದಿ ತಿಳಿದು ಅವ್ವ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅವಳದು ಒಂದೇ ಮಾತು: "ಇನ್ನೊಬ್ಳು ನನ್ ಕೈಯಾಗೇ ಹೆರ್ಬೇಕು." ನನಗೂ ಅದೇ ಬೇಕಿತ್ತು. ಹೊಟ್ಟೆಯಲ್ಲಿ ಕೂಸು ಒದ್ದಾಗಲೆಲ್ಲ ನನಗೆ ಅಕ್ಕನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ಶುಕ್ರ ಎದುರಾಗುವುದೆಂದರೆ ಏನೆಂದು ಈಗಿನ ಮಕ್ಕಳಿಗೆ ತಿಳಿಯದು. ಬೆಳಗಿನ ಜಾವ ಮೂಡಲಲ್ಲಿ ಬೆಳ್ಳಿಚುಕ್ಕಿ, ಅದೇ ಶುಕ್ರ, ಹುಟ್ಟುವ ಕಾಲದಲ್ಲಿ ಬಸುರಿ, ಬಾಣಂತಿಯರು ಆ ದಿಕ್ಕಿಗೆ ಮುಖ ಮಾಡಿ ಪ್ರಯಾಣ ಹೊರಡಬಾರದು, ಹೊರಟರೆ ಹೊಟ್ಟೆಯಲ್ಲಿರುವುದಕ್ಕೆ ಕೇಡು ಎನ್ನುತ್ತಿದ್ದರು. ನಾವಿದ್ದದ್ದು ಹುಣಸೂರಿನ ಹೊರಗೆ. ಅಲ್ಲಿಂದ ನಮ್ಮೂರು ಮೂಡಲಿಗೆ. ಅಕ್ಕನ ಹೆಣಕ್ಕೆ ಹೆಗಲು ಕೊಟ್ಟಿದ್ದ ಅಣ್ಣ, ಕೇಡು ಎಂಬ ಮಾತಿಗೇ ಬೆವತುಬಿಟ್ಟ. ಮಜ್ಜಿಗೆ ಕುಡಿದು, ದಿಂಬನ್ನು ಗಾಡಿಯ ಮೂಲೆಗೆ ಸರಿಸಿ, "ಬೆಳ್ಳಿ ಜರುಗ್ಲಿ ಬುಡವ್ವ, ತಿರ್ಗಾ ಬತ್ತೀನಿ" ಎಂದು ಎತ್ತು ಹೊಡೆದುಕೊಂಡು ಹೋದ.

ಗಾಡಿ ತಿರುವು ದಾಟಿದ ಮೇಲೆ ನಾನು ಒಳಗೆ ಬಂದು, "ಏನ್ರೀ, ಯಾವತ್ತಿಂದ ಜೋಯಿಸರಾದ್ರಿ?" ಎಂದು ಕೇಳಿದೆ. ಅವರು ನೆಲ ನೋಡುತ್ತ, "ಹಂಪಾಪುರದ ಪೊಟ್ಣ ಇನ್ನೂ ಮುಗಿದಿಲ್ವಲ್ಲೇ" ಎಂದರು. ಥೂ, ಎನಿಸಿತು. ಹೆಂಡತಿಯ ಜೀವಕ್ಕಿಂತ ಒಂದು ಪೊಟ್ಟಣ ಕಳೆ ಹೆಚ್ಚಾಯಿತೇ ಎಂದು ಬಾಯಿಗೆ ಬಂದಿತ್ತು, ಆದರೆ ಆಡಲಿಲ್ಲ. ಆ ಪೊಟ್ಟಣ ಮುಗಿಯದಿದ್ದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು.

ನಮ್ಮ ಯಜಮಾನರು ಪಿರಿಯಾಪಟ್ಟಣದ ರಸ್ತೆಯಲ್ಲಿದ್ದ ಒಂದು ಸಣ್ಣ ರಾಗಿ ಫಾರಂನಲ್ಲಿ ಕೆಲಸಕ್ಕಿದ್ದರು. ಫಾರಂ ಕೊಟ್ಟ ಮನೆಯಲ್ಲೇ ನಮ್ಮ ವಾಸ, ಅಲ್ಲೇ ಅವರ ಮೈಕ್ರೋಸ್ಕೋಪು. ಯುದ್ಧದ ಕಾಲ. ಮನೆ ಮುಂದೆ, ಪೆಟ್ರೋಲು ಸಿಗದೆ ಇದ್ದಲಿನಿಂದ ಓಡುವ ಬಸ್ಸು ಕೆಮ್ಮುತ್ತ ಹೋಗುತ್ತಿತ್ತು, ಏರಿನಲ್ಲಿ ಜನ ಇಳಿದು ತಳ್ಳುತ್ತಿದ್ದರು. ರಾಗಿ ಹೊಲದಲ್ಲಿ ರಾಗಿಯಂತೆಯೇ ಕಾಣುವ ಒಂದು ಕಳೆ ಬೆಳೆಯುತ್ತದೆ, ಕಾಡುರಾಗಿ. ಎಳೆಯದರಲ್ಲಿ ಅದನ್ನು ಕಿತ್ತೆವೆಂದು ರಾಗಿಯನ್ನೇ ಕಿತ್ತಿಟ್ಟು ಬೈಸಿಕೊಳ್ಳದ ಹೆಣ್ಣಾಳು ನಮ್ಮ ಸೀಮೆಯಲ್ಲಿಲ್ಲ. ಈ ಕಳೆಗಳಲ್ಲಿ ರಾಗಿಯ ಒಡಹುಟ್ಟು ಯಾವುದು, ಬರೀ ಮುಖ ಹೋಲುವ ಪರಕೀಯ ಯಾವುದು ಎಂದು ವಿಂಗಡಿಸುವುದು ಇವರ ಕೆಲಸ. ಕೋಟೆ ತಾಲೂಕು, ಭೇರ್ಯ, ಪಿರಿಯಾಪಟ್ಟಣ, ಎಲ್ಲ ಕಡೆಯಿಂದಲೂ ಒಣಗಿದ ತೆನೆಗಳು ಪೊಟ್ಟಣದಲ್ಲಿ ಬರುತ್ತಿದ್ದವು.

ಮದುವೆಯಾದ ಹೊಸದರಲ್ಲಿ ನಾನು, "ತೆನೆ ನೋಡಿದ್ರೆ ಗೊತ್ತಾಗಲ್ವಾ?" ಎಂದು ಕೇಳಿದ್ದೆ. ಅದಕ್ಕವರು, "ನಮ್ಮೋರು ಹೆಣ್ಣು ಕೊಡೋವಾಗ ಮುಖ ನೋಡಿ ಸುಮ್ಗಾಯ್ತಾರಾ? ಕುಲ, ಬೆಡಗು ಕೇಳಲ್ವಾ? ಗಿಡಕ್ಕೂ ಬೆಡಗು ಐತೆ ಕಣೇ, ಬೇರಿನ ತುದೀಲಿ ಬಚ್ಚಿಟ್ಕಂಡಿರ್ತದೆ" ಎಂದಿದ್ದರು. ಬೆಳೆಯುವ ಬೇರಿನ ತುದಿಯಲ್ಲಿ ಕಣ್ಣಿಗೆ ಕಾಣದ ಕೋಣೆಗಳಿರುತ್ತವೆ. ಒಂದು ಕೋಣೆ ಒಡೆದು ಎರಡಾಗುವ ಹೊತ್ತಿಗೆ ಅದರೊಳಗೆ ಸಣ್ಣ ಸಣ್ಣ ತುಂಡುಗಳು ಎದ್ದು ಕಾಣುತ್ತವೆ. ಅವೇ ವರ್ಣತಂತುಗಳು. ಇವರು ಇಂಗ್ಲಿಷಿನಲ್ಲಿ ಕ್ರೋಮೋಸೋಮು ಎನ್ನುತ್ತಿದ್ದರು. ಒಂದೊಂದು ಜಾತಿಗೆ ಒಂದೊಂದು ಲೆಕ್ಕ. ರಾಗಿಗೆ ಮೂವತ್ತಾರು. ಅಲ್ಲಿಯವರೆಗೆ ನೋಡಿದ ಕಾಡುರಾಗಿಗೆಲ್ಲ ಹದಿನೆಂಟು, ಸರಿಯಾಗಿ ಅರ್ಧ.

ಹಿಂದಿನ ದೀಪಾವಳಿಯ ಹೊತ್ತಿಗೆ ಇವರ ಕಣ್ಣು ಕೈಕೊಡಲು ಶುರುಮಾಡಿತು. ಮೊದಲು ಮೈಕ್ರೋಸ್ಕೋಪನ್ನು ಬೈದರು. ಆಮೇಲೆ ಗಾಜಿಗೆ ಬೂಷ್ಟು ಹಿಡಿದಿದೆ ಎಂದು ಒರೆಸಿದ್ದೇ ಒರೆಸಿದ್ದು. ಕೊನೆಗೆ ಒಂದು ದಿನ ತಟ್ಟೆಯಲ್ಲಿದ್ದ ಮುದ್ದೆಯನ್ನು ಬಿಟ್ಟು ಪಕ್ಕದ ನೆಲಕ್ಕೆ ಕೈಹಾಕಿದರು. ಮೈಸೂರಿನ ಕಣ್ಣಿನ ಡಾಕ್ಟರು, ಇದು ಪೊರೆಯಲ್ಲ, ಒಳಗಿನ ನರದ ಕಾಯಿಲೆ, ತೆಗೆದು ಸರಿಮಾಡುವಂಥದ್ದಲ್ಲ ಎಂದುಬಿಟ್ಟರು. ವಿಚಿತ್ರ ಕಾಯಿಲೆ: ಯಾವುದನ್ನು ನೇರ ನೋಡುತ್ತಾರೋ ಅದೇ ಮಾಯ, ಪಕ್ಕದಲ್ಲಿರುವುದು ಮಾತ್ರ ಕಾಣುತ್ತದೆ. ಹಾಗಾಗಿ ಹೊಲದ ಬದುವಿನ ಮೇಲೆ ನಡೆಯುತ್ತಿದ್ದರು, ಆಳುಗಳ ಜೊತೆ ಮಾತಾಡುತ್ತಿದ್ದರು, ಯಾರಿಗೂ ಗುಮಾನಿ ಬರಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಮಾತ್ರ ನಡುವೆ ಬರೀ ಮಬ್ಬು.

ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕೋಟೆ ತಾಲೂಕಿನ ಅವರ ಊರಿನಲ್ಲಿ ಮುದಿ ಅಪ್ಪ ಅಮ್ಮ, ಮದುವೆಗೆ ನಿಂತ ತಂಗಿಯರು, ಎಲ್ಲರೂ ಇವರ ಸಂಬಳದ ಮೇಲೇ. ಆ ದಿನ ಇವರು ಅತ್ತದ್ದನ್ನು ನಾನು ನೋಡಿದೆ. ಗಂಡಸು ಹಾಗೆ ಅಳುವುದನ್ನು ಮೊದಲು ನೋಡಿರಲಿಲ್ಲ. "ಎದ್ದೇಳ್ರಿ, ಅದೇನ್ ಎಣಿಸ್ಬೇಕೋ ತೋರ್ಸಿ, ನಾನ್ ಎಣಿಸ್ತೀನಿ" ಅಂದೆ. ಅಯ್ಯೋ, ಆ ಒಂದು ಮಾತು! ಬಾಯಿ ಬಿಟ್ಟು ನಾನೇ ಬಲೆಗೆ ಬಿದ್ದೆ.

ಕಲಿತೆ. ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಬಿಸಿಲೇರುವ ಹೊತ್ತಿಗೆ ಬೇರಿನ ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸುವುದು. ಹುಳಿ ವಾಸನೆಯ ನೀರಿನಲ್ಲಿ ನೆನೆಹಾಕಿ, ಕೆಂಪು ಬಣ್ಣ ಹಿಡಿಸಿ, ಸ್ಲೈಡಿನ ಮೇಲಿಟ್ಟು, ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತುವುದು. ಯುದ್ಧದಿಂದಾಗಿ ಸ್ಲೈಡು ಬರುವುದು ನಿಂತಿತ್ತು. ಹುಣಸೂರು ಪೇಟೆಯಲ್ಲಿ ಫೋಟೊಗೆ ಕಟ್ಟು ಹಾಕುವ ಸಾಬರು ಕಿಟಕಿಗಾಜು ಕೊಯ್ದು ಸ್ಲೈಡು ಮಾಡಿಕೊಡುತ್ತಿದ್ದರು. ಮೇಲೆ ಮುಚ್ಚುವ ತೆಳು ಗಾಜನ್ನು ಮಾತ್ರ ಅವರೂ ಮಾಡಲಾರರು, ಅದನ್ನು ತೊಳೆದು ತೊಳೆದು ಬಳಸುತ್ತಿದ್ದೆವು. ಒಮ್ಮೆ ನಾನು ತುಕ್ಕು ಹಿಡಿದ ಕೌದಿ ಸೂಜಿಯಿಂದ ಬೇರನ್ನು ಕೆದಕಿಬಿಟ್ಟೆ. ಇವರು ತುಕ್ಕಿನ ವಾಸನೆ ಹಿಡಿದು, "ಹಾಳ್ಮಾಡ್ದೆ!" ಎಂದು ಕೂಗಾಡಿದರು. ನೋಡಿದರೆ ಬಣ್ಣ ಎಂದಿಗಿಂತ ಗಾಢವಾಗಿ ಕೂತಿತ್ತು. ಕಬ್ಬಿಣ ತಾಗಿದರೆ ಹಾಗಾಗುತ್ತದೆಂದು ಓದಿದ್ದು ಅವರಿಗೆ ಆಮೇಲೆ ನೆನಪಾಯಿತು. ಕೂಗಾಡಿದ್ದಕ್ಕೆ ತಪ್ಪಾಯಿತು ಅನ್ನಲಿಲ್ಲ, ಗಂಡಸಲ್ಲವೇ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೆ ಅದು ಇಷ್ಟವಾಗಿತ್ತು. ಕತ್ತರಿಸಿ ಚೆಲ್ಲಿದ ಶಾವಿಗೆ ತುಣುಕುಗಳಂತೆ ಅವು ಬಿದ್ದಿರುತ್ತಿದ್ದವು. ಎರಡು ಒಂದರ ಮೇಲೊಂದು ಬಿದ್ದಿದ್ದರೆ ಅದನ್ನು ಬಿಟ್ಟು ಬೇರೆ ಕೋಣೆ ಹುಡುಕಬೇಕು, ಅಂದಾಜಿಗೆ ಲೆಕ್ಕ ಹೇಳಬಾರದು. ಆ ವಿಷಯದಲ್ಲಿ ಇವರು ಕಟ್ಟುನಿಟ್ಟು. "ಕಾಣ್ದಿದ್ರೆ ಕಾಣಲ್ಲ ಅನ್ನು" ಎನ್ನುತ್ತಿದ್ದರು, ಕಾಣದವರೇ. ದಿನ ಕಳೆದಂತೆ ಆ ಕಿಟಕಿ, ಆ ಕುರ್ಚಿ, ಆ ಹಿತ್ತಾಳೆ ಕೊಳವೆ ನನಗೆ ಗುಮ್ಮನಂತಾಯಿತು. ಬೆಳಕಿರುವಷ್ಟು ಹೊತ್ತು ಅಲ್ಲೇ. ಯಾರಾದರೂ ನೋಡಿಬಿಟ್ಟಾರೆಂದು ಬಾಗಿಲಿಗೆ ಅಗುಳಿ. ಆಳುಗಳ ಹೆಂಡಿರು ಬಾಗಿಲು ಬಡಿದು, ಬಡಿದು, "ಆಪೀಸರ ಎಂಡ್ತಿಗೆ ಎಷ್ಟು ಕೊಬ್ಬು ನೋಡ್ರಮ್ಮಿ" ಎಂದುಕೊಂಡು ಹೋಗುತ್ತಿದ್ದದ್ದು ಒಳಗೆ ನನಗೆ ಕೇಳಿಸುತ್ತಿತ್ತು. ಹೊರಗೆ ಬಂದು ನಿಜ ಹೇಳುವಂತಿಲ್ಲ, ಜಗಳ ಆಡುವಂತೆಯೂ ಇಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂತೆ.

ಅಷ್ಟರಲ್ಲಿ ಹಂಪಾಪುರದ ಪೊಟ್ಟಣ ಬಂತು. ನೋಡಲು ಅಪ್ಪಟ ಕಳೆ: ಸಣಕಲು ತೆನೆ, ಮುಟ್ಟಿದರೆ ಉದುರುವ ಕಪ್ಪು ಕಾಳು. ಎಣಿಸಿದರೆ ಮೂವತ್ತಾರು. ಇವರು ನಂಬಲಿಲ್ಲ. ಮತ್ತೆ ಮೊಳಕೆ, ಮತ್ತೆ ಬೇರು, ಮತ್ತೆ ಮೂವತ್ತಾರು. ಮುಖ ಕಳೆಯದು, ಬೆಡಗು ರಾಗಿಯದು! ಇವರಿಗೆ ಕುಣಿಯುವಷ್ಟು ಸಂತೋಷ. ಮೇಲಿನ ಸಾಹೇಬರಿಗೆ ಬರೆದರು. ಸಾಹೇಬರಿಗೂ ನಂಬಿಕೆ ಬರಲಿಲ್ಲ, ನಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದು ಉತ್ತರ ಬಂತು. ಅಣ್ಣ ಗಾಡಿ ತಂದು ಶುಕ್ರನಿಗೆ ಹೆದರಿ ವಾಪಸು ಹೋದದ್ದು ಆ ಉತ್ತರ ಬಂದ ವಾರವೇ. ಈಗ ತಿಳಿಯಿತಲ್ಲ, ನನ್ನನ್ನು ಹಿಡಿದಿಟ್ಟ ಗ್ರಹ ಯಾವುದೆಂದು.

ಅಂದಿನಿಂದ ನನಗೂ ಇವರಿಗೂ ಒಂದು ಒಪ್ಪಂದವಾಯಿತು. ಸಾಹೇಬರು ಬಂದು ನೋಡಿ ಒಪ್ಪಿಕೊಂಡು ಹೋದ ದಿನವೇ ನಾನು ತವರಿಗೆ. ಆಮೇಲೆ ಕೆಲವು ತಿಂಗಳು ಹೊಲದ ಕೆಲಸ, ತೆನೆ ಒಣಗಿಸುವ ಕೆಲಸ ಎಂದು ಇವರು ಹೇಗೋ ತಳ್ಳುವುದು. "ನಿನ್ನಾಣೆ" ಅಂದರು. "ನನ್ನಾಣೆ ಬ್ಯಾಡ, ಹೊಟ್ಟೇಲಿರೋದ್ರ ಆಣೆ ಆಕ್ರಿ" ಅಂದೆ. ಹಾಕಿದರು.

ಸಾಹೇಬರು ಬರುವ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಣ್ಣನ ಗಾಡಿ! ಬೆಳ್ಳಿಯೇನೂ ಜರುಗಿರಲಿಲ್ಲ, ಅಣ್ಣನೇ ಉಪಾಯ ಹುಡುಕಿಕೊಂಡು ಬಂದಿದ್ದ. "ಜೋಯಿಸ್ರನ್ನ ಕೇಳ್ದೆ ಕಣವ್ವ. ಸೀದಾ ಮೂಡಲಿಗೆ ಓದ್ರೆ ತಾನೆ ದೋಸ? ಬಡಗಲಾಗಿ ಭೇರ್ಯಕ್ಕೆ ಓಗಾದು, ಅಲ್ಲಿ ಸೋದರತ್ತೆ ಮನೇಲಿ ತಂಗಾದು, ಅಲ್ಲಿಂದ ತೆಂಕಲಾಗಿ ನಮ್ಮೂರ್ಗೆ ಇಳಿಯಾದು. ಬೆಳ್ಳಿ ಎದುರ್ಗೆ ಸಿಕ್ಕಾದೇ ಇಲ್ಲ!" ಗ್ರಹಕ್ಕೇ ಮೋಸ ಮಾಡಿದ ಖುಷಿ ಅವನ ಮುಖದಲ್ಲಿ. ನನಗೆ ನಗು ಬಂತು. ಹಟ್ಟಿ ದಾಟದ ನಮ್ಮಣ್ಣ ಇಷ್ಟೆಲ್ಲ ಸುತ್ತು ಯೋಚಿಸಿಕೊಂಡು ಬಂದಿದ್ದನಲ್ಲ. ಯಜಮಾನರೂ ಮನಸಾರೆ, "ಮಧ್ಯಾಹ್ನ ಊಟ ಮಾಡ್ಕಂಡು ಹೊಲ್ಡಿ ಭಾವ" ಎಂದರು. ನಾನು ಸೀರೆ ಕುಪ್ಪಸ ಗಂಟು ಕಟ್ಟಿ ಜಗಲಿಯ ಮೇಲೆ ಇಟ್ಟೆ.

ಆಮೇಲೆ ಒಳ್ಳೆಯದೊಂದು ಸ್ಲೈಡನ್ನು ಆರಿಸಿ, ಎಣ್ಣೆ ಹಾಕಿ, ಕನ್ನಡಿ ತಿರುಗಿಸಿ ಬೆಳಕು ಕೂರಿಸಿ, ಮೂವತ್ತಾರೂ ಬಿಡಿಬಿಡಿಯಾಗಿ ಕಾಣುವ ಕೋಣೆಯನ್ನು ನಡುವಿಗೆ ತಂದಿಟ್ಟೆ. ಎಡಕ್ಕೆ ಬಾಗಿದ್ದು ಯಾವುದು, ಮೇಲ್ಗಡೆ ಗುಂಪಾಗಿರುವುದು ಎಷ್ಟು, ಎಲ್ಲವನ್ನೂ ಇವರು ಮಗ್ಗಿಯಂತೆ ಬಾಯಿಪಾಠ ಮಾಡಿದರು. "ಕೊಳವೆ ಏರಿಳ್ಸೋ ಸ್ಕ್ರೂ ಯಾರೂ ಮುಟ್ಬಾರ್ದು, ನೀವೂ ಸೈತ" ಎಂದು ಹೇಳಿ ನಾನು ಅಡುಗೆಮನೆಯ ಬಾಗಿಲ ಮರೆಗೆ ಹೋದೆ.

ಸಾಹೇಬರು ಮೋಟಾರಿನಲ್ಲಿ ಬಂದರು. ವಯಸ್ಸಾದವರು, ಮೆತ್ತಗಿನ ಮಾತು. ಕೂತು, ಕನ್ನಡಕ ತೆಗೆದಿಟ್ಟು, ಬಹಳ ಹೊತ್ತು ನೋಡಿದರು. ಇವರು ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸಿದರು. "ಭೇಷ್!" ಎಂದರು ಸಾಹೇಬರು. "ಮೂವತ್ತಾರೇ. ಇದು ಕಳೆಯಲ್ಲ ಕಣಯ್ಯ, ರಾಗಿಯ ಖಾಸಾ ನೆಂಟ." ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಜಗಲಿಯ ಮೇಲಿನ ಗಂಟು ಕಿಟಕಿಯಿಂದ ಕಾಣುತ್ತಿತ್ತು. ಇನ್ನೇನು, ಊಟ, ಗಾಡಿ, ಭೇರ್ಯ, ಅವ್ವ.

ಆಗ ಸಾಹೇಬರು ಕುರ್ಚಿ ಬಿಟ್ಟು ಎದ್ದು, "ಒಂದು ಕೋಣೆ ಸಾಲದು. ಇನ್ನೊಂದು ತೋರಿಸು" ಎಂದರು.

ಇವರು ಕೂತರು. ಕೊಳವೆಗೆ ಕಣ್ಣಿಟ್ಟರು. ಕೈ ಸ್ಕ್ರೂಗೆ ಹೋಯಿತು. ಮರೆಯಲ್ಲಿ ನಾನು, ಮೇಲಕ್ಕೆ ತಿರುಗಿಸ್ರೀ, ಮೇಲಕ್ಕೆ ಎಂದು ನನ್ನೊಳಗೆ ಕೂಗುತ್ತಿದ್ದೆ. ಅವರು ಕೆಳಕ್ಕೆ ತಿರುಗಿಸಿದರು, ಇನ್ನೂ ಕೆಳಕ್ಕೆ. ಕೊಳವೆಯ ತುದಿ ಹೋಗಿ ಗಾಜಿಗೆ ಒತ್ತಿ, ಟಕ್ ಎಂದು ತೆಳು ಗಾಜು ಒಡೆಯಿತು. ಕಣ್ಣಿದ್ದವರು ಯಾರೂ ಹಾಗೆ ಒಡೆಯುವುದಿಲ್ಲ. ಅದು ಸಾಹೇಬರಿಗೂ ಗೊತ್ತು.

ಇವರ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ನಾನು ಸೆರಗು ಹೊದ್ದು ಒಳಗೆ ಹೋದೆ. ಇವರ ಭುಜ ಮುಟ್ಟಿ ಎಬ್ಬಿಸಿ, ಕುರ್ಚಿಯಲ್ಲಿ ಕೂತು, ಒಡೆದ ಸ್ಲೈಡು ತೆಗೆದು ಬೇರೆಯದನ್ನು ಇಟ್ಟು, ಬೆಳಕು ಕೂರಿಸಿ, ಹುಡುಕಿದೆ. ಹೊಟ್ಟೆ ಮೇಜಿಗೆ ತಾಗುತ್ತಿತ್ತು. "ಇದ್ರಲ್ಲಿ ಎರಡು ಮೇಲ್ ಮೇಲೆ ಬಿದ್ದವೆ, ಬ್ಯಾಡ" ಅಂದೆ. ಸರಿಸಿದೆ. "ಇದು ಸರಿಯಾಗೈತೆ. ಮೂವತ್ತಾರು. ನೋಡಿ ಸ್ವಾಮಿ" ಎಂದು ಎದ್ದೆ.

ಸಾಹೇಬರು ನೋಡಿದರು. ಆಮೇಲೆ ಇವರ ಕಡೆ ತಿರುಗಿ, "ಯಾವಾಗಿನಿಂದ?" ಎಂದು ಮಾತ್ರ ಕೇಳಿದರು. "ದೀಪಾವಳಿಯಿಂದ ಸಾರ್" ಎಂದರು ಇವರು, ಗೋಡೆಯ ಕಡೆಗೆ. ಸಾಹೇಬರು ಕನ್ನಡಕವನ್ನು ಒರೆಸಿದರು, ಮತ್ತೆ ಒರೆಸಿದರು. "ನಾನು ಏನೂ ನೋಡಲಿಲ್ಲ. ಬಂದೆ, ಮೂವತ್ತಾರು ಎಣಿಸಿದೆ, ಹೋದೆ. ಕೆಲಸ ನಡೆಯುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಿಂತರೆ ಮಾತ್ರ, ಯಾಕೆ ನಿಂತಿತು ಎಂದು ಕೇಳುತ್ತಾರೆ. ಆಗ ನಾನು ಉತ್ತರ ಬರೆಯಬೇಕಾಗುತ್ತದೆ." ಇಷ್ಟು ಹೇಳಿ, ಡ್ರೈವರನ್ನು ಕೂಗಿ ಮೋಟಾರಿನಿಂದ ಒಂದು ಗೋಣಿಚೀಲ ತರಿಸಿದರು. ಕೋಟೆಯದು, ಹ್ಯಾಂಡ್‌ಪೋಸ್ಟ್ ಊರಿನ ಸುತ್ತಿನದು, ಪಿರಿಯಾಪಟ್ಟಣದ್ದು, ಎಲ್ಲ ಕಡೆಯ ಕಳೆ. ಹಂಪಾಪುರದಂಥದ್ದು ಇನ್ನೆಲ್ಲೆಲ್ಲಿದೆ ಎಂದು ಮುಂಗಾರಿಗೆ ಮೊದಲು ತಿಳಿಯಬೇಕಂತೆ.

ಹೊರಡುವಾಗ ಜಗಲಿಯ ಮೇಲಿನ ಗಂಟು, ಗಾಡಿ, ತಲೆಗೆ ಟವಲು ಕಟ್ಟಿ ಕೈಮುಗಿದು ನಿಂತ ಅಣ್ಣ, ಎಲ್ಲ ಅವರ ಕಣ್ಣಿಗೆ ಬಿತ್ತು. "ತವರಿಗೆ ಹೊರಟಿದ್ದೀಯೇನಮ್ಮ?" ಎಂದು ನಿಂತರು. "ಹೋಗುವುದಾದರೆ ಹೋಗಮ್ಮ. ನಾನು ಬೇಡ ಅನ್ನುವುದಿಲ್ಲ. ಇಲ್ಲೇ ಇರುವುದಾದರೆ ಹುಣಸೂರಿನ ಆಸ್ಪತ್ರೆಯವರಿಗೆ ನಾನೇ ಹೇಳಿ ಹೋಗುತ್ತೇನೆ, ಒಳ್ಳೆ ನರ್ಸಮ್ಮ ಇದ್ದಾರೆ."

ಆ ಮನುಷ್ಯ ಬೈದಿದ್ದರೆ ನಾನು ಗಾಡಿ ಹತ್ತುತ್ತಿದ್ದೆ, ಖಂಡಿತ ಹತ್ತುತ್ತಿದ್ದೆ. ಅಷ್ಟು ಒಳ್ಳೆಯ ಮಾತಿಗೆ ಎಲ್ಲಿಂದ ಜಗಳ ತೆಗೆಯಲಿ? ಮೂವರು ಗಂಡಸರು ನನ್ನ ಬಾಯಿ ನೋಡುತ್ತಿದ್ದರು. ಇವರು ನೋಡುತ್ತಿದ್ದದ್ದು ನನ್ನ ಪಕ್ಕದ ಕಂಬವನ್ನು, ಹಾಗೆ ನೋಡಿದರೆ ಮಾತ್ರ ನಾನು ಕಾಣುತ್ತಿದ್ದೆ. ಅಣ್ಣ ಆಗಲೇ ದಿಂಬನ್ನು ತಟ್ಟಿ ಸರಿಮಾಡುತ್ತಿದ್ದ.

"ಶುಕ್ರ ಎದುರೈತಲ್ಲಣ್ಣ" ಅಂದೆ.

"ಅಯ್, ಭೇರ್ಯದ ಮ್ಯಾಲೆ ಓದ್ರೆ ಎದುರಿಲ್ಲ ಅಂದ್ನಲ್ಲವ್ವ!"

"ನಂಗ್ಯಾಕೋ ಹೆದ್ರಿಕೆ. ಬುಡು. ನೀನ್ ಹೋಗು."

ಅಣ್ಣ ನನ್ನ ಮುಖ ನೋಡಿದ, ಗಂಟು ನೋಡಿದ. ಊಟಕ್ಕೂ ನಿಲ್ಲಲಿಲ್ಲ. ಗಾಡಿ ಹೋಗುವಾಗ ಆ ದಿಂಬು ಹಿಂದೆ ಕುಲುಕುತ್ತಿತ್ತು. ನನಗೆ ಇವರ ಮೇಲೆ ಸಿಟ್ಟು ಬಂತು, ಸಾಹೇಬರ ಮೇಲೆ ಸಿಟ್ಟು ಬಂತು, ಅತ್ತು ಅತ್ತು ತಲೆ ಸಿಡಿಯಿತು. ಇವರು ಬಂದು ಏನೋ ಹೇಳಹೊರಟರು. "ನನ್ನ ಮಾತಾಡಿಸ್ಬ್ಯಾಡಿ" ಅಂದೆ. ಮಾರನೆಯ ದಿನ ಗೋಣಿಚೀಲ ಬಿಚ್ಚಿ ಕಾಳು ನೆನೆಹಾಕಿದೆ.

ಕೆಲವು ದಿನ ಕಳೆದ ಮೇಲೆ ಅದೇ ಗಾಡಿ ಮತ್ತೆ ಬಂತು. ಈ ಸಲ ಅದರಿಂದ ಅವ್ವ ಇಳಿದಳು. ಮಗಳು ಬರದಿದ್ದರೆ ನಾನೇ ಹೋಗುತ್ತೇನೆಂದು ಹಟ ಹಿಡಿದು ಹೊರಟವಳು. ಯಾರೂ ಬಾಗಿಲು ತೆಗೆಯದಿದ್ದಾಗ ಹಿತ್ತಿಲಿನಿಂದ ಬಂದುಬಿಟ್ಟಳು. ನಾನು ಕುರ್ಚಿಯಲ್ಲಿದ್ದೆ, ಇವರು ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನು ಕೇಳಿಕೊಳ್ಳುತ್ತಿದ್ದರು. ಅವ್ವ ನನ್ನನ್ನು ನೋಡಿದಳು, ನಮ್ಮ ಯಜಮಾನರ ಕಣ್ಣು ನೋಡಿದಳು. ಅವರು ಎದ್ದು ನಮಸ್ಕಾರ ಮಾಡಿದ್ದು ಅವಳ ಪಕ್ಕದ ಒನಕೆಗೆ. ಅವ್ವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅದ್ರಾಗೇನವ್ವ ಕಾಣಾದು?" ಎಂದಳು. ಕೂರಿಸಿ ತೋರಿಸಿದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. ಏನು ಕಂಡಿತೋ, ಅವಳ ರೆಪ್ಪೆಯೇ ಕಂಡಿತೋ. ತಲೆಯೆತ್ತಿ ನನ್ನ ಕೆನ್ನೆ ಸವರಿ, "ಶುಕ್ರ ಇದ್ರೊಳಗವ್ನೆ ಅನ್ನು" ಎಂದಳು.

ಆಮೇಲೆ ಹೊರಗೆ ಹೋಗಿ, ಗಾಡಿಯಿಂದ ಆ ದಿಂಬನ್ನು ತಂದು, ನನ್ನ ಕುರ್ಚಿಯ ಮೇಲೆ ಹಾಕಿ, ಕೈಯಿಂದ ಒತ್ತಿ ನೋಡಿದಳು.

"ಕೂತ್ಕೊ ಕೂಸೆ," ಅಂದಳು, "ಬೆಳಕು ಓಯ್ತದೆ."